ಎರಡು ಕಡುಬಣ್ಣಗಳಲ್ಲಿ ಒಂದನ್ನು ಆರಿಸುವ ಕ್ರಮ: ಉತ್ತರ ಕನ್ನಡದ ಕೋಣೆಗಳಿಗೆ ಸಮಗ್ರ ಮಾರ್ಗದರ್ಶಿ

ಶೇಡ್ ಕಾರ್ಡಿನಲ್ಲಿ ಅಕ್ಕಪಕ್ಕ ಇರುವ ಎರಡು ಕಡುನೀಲಿಗಳ ನಡುವೆ ತೀರ್ಮಾನಿಸಲಾಗದೆ, ಅಂಗಡಿಯ ಟ್ಯೂಬ್‌ಲೈಟಿನ ಕೆಳಗೆ ಚೆನ್ನಾಗಿ ಕಂಡದ್ದನ್ನು ಹೇಳಿಬಂದು, ಕೋಣೆಗೆ ಬಳಿದ ಮೇಲೆ ‘ನಾವು ಆರಿಸಿದ ಬಣ್ಣ ಇದಲ್ಲ’ ಎನ್ನುವವರನ್ನು ಕಾರವಾರದಿಂದ ಶಿರಸಿಯವರೆಗೆ ಮತ್ತೆ ಮತ್ತೆ ಕಾಣುತ್ತಿದ್ದೇನೆ. ಬಣ್ಣ ಬೆರೆಸಿದವರು ಇದರಲ್ಲಿ ತಪ್ಪು ಮಾಡಿರುವುದು ಅಪರೂಪ. ಹೋಲಿಸಿ ನೋಡಿದ ಕ್ರಮವೇ ತಪ್ಪಿರುತ್ತದೆ. ನಮ್ಮ ಮನೆಯ ಓದುವ ಕೋಣೆಗೆ ನಾನು ಬಣ್ಣ ಆರಿಸಿದ್ದು ಫೆಬ್ರವರಿಯ ಬಿಸಿಲಿನಲ್ಲಿ; ಆಗ ನವಿಲಿನ ಕೊರಳಿನಂತೆ ಹೊಳೆದ ನೀಲಿ ಜುಲೈ ತಿಂಗಳಿನಲ್ಲಿ ಹಂಡೆಯ ಮಸಿಯಂತೆ ಕಂಡಿತು, ಮಧ್ಯಾಹ್ನ ಮೂರು ಗಂಟೆಗೇ ದೀಪ ಹಾಕಬೇಕಾಯಿತು. ಅದರ ಪಕ್ಕದ ಚೌಕದಲ್ಲಿದ್ದ ನೀಲಿಯನ್ನು ಬಳಿದಿದ್ದರೆ ಹಾಗಾಗುತ್ತಿರಲಿಲ್ಲ ಎಂಬುದು ಆಮೇಲೆ ಹಲಗೆಗಳ ಮೇಲೆ ಬಳಿದು ನೋಡಿದಾಗ ತಿಳಿಯಿತು.

ಒಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಮುಂದಿನ ಹಂತಗಳೆಲ್ಲ ಇದರ ಮೇಲೆಯೇ ನಿಂತಿವೆ. ಎರಡು ಬಣ್ಣಗಳನ್ನು ಅಕ್ಕಪಕ್ಕ ಇಟ್ಟಾಗ ಅವುಗಳ ವ್ಯತ್ಯಾಸ ಏನೆಂಬುದು ತಿಳಿಯುತ್ತದೆ. ಒಂದೊಂದನ್ನೇ ಒಂಟಿಯಾಗಿ ಇಟ್ಟಾಗ ಆ ವ್ಯತ್ಯಾಸದಿಂದ ನಿಮ್ಮ ಕೋಣೆಗೆ ಏನಾಗುತ್ತದೆ ಎಂಬುದು ತಿಳಿಯುತ್ತದೆ. ಎರಡೂ ಬೇಕು, ಇದೇ ಕ್ರಮದಲ್ಲಿ ಬೇಕು. ಕೊನೆಯ ತೀರ್ಮಾನವನ್ನು ಮಾತ್ರ ಕೋಣೆಯ ಅತಿ ಮಂದವಾದ ಬೆಳಕಿನಲ್ಲಿ ಮಾಡಬೇಕು.

ಬೇಕಾಗುವ ಸಾಮಾನು

ಎರಡು ಅಡಿ ಚೌಕದ ಹಾರ್ಡ್‌ಬೋರ್ಡ್ ಅಥವಾ ತೆಳುವಾದ ಪ್ಲೈವುಡ್ ಹಲಗೆಗಳು ನಾಲ್ಕು, ಅಂದರೆ ಬಣ್ಣಕ್ಕೆ ಎರಡರಂತೆ. ಗೋಡೆಗೆ ಹಾಕುವ ಪ್ರೈಮರ್, ನಾಲ್ಕು ಇಂಚಿನ ಎರಡು ರೋಲರ್, 220 ನಂಬರಿನ ಸ್ಯಾಂಡ್ ಪೇಪರ್, ಮಾಸ್ಕಿಂಗ್ ಟೇಪ್, ಎರಡೂ ಬಣ್ಣಗಳ ಮಾದರಿ ಡಬ್ಬಿ, ಒಂದಿಷ್ಟು ಬಿಳಿ ಎಮಲ್ಷನ್, ಮುಂದೆ ಆ ಕೋಣೆಗೆ ಹಾಕಲಿರುವ ಬಲ್ಬು, ಬರೆದಿಡಲು ಒಂದು ಪುಸ್ತಕ. ಇವುಗಳ ಜೊತೆಗೆ ಒಂದು ಕಪ್ಪು ಕೊಡೆಯೂ ಇರಲಿ. ಅದರ ಉಪಯೋಗ ಐದನೇ ಹಂತದಲ್ಲಿ ಬರುತ್ತದೆ. ಕೆಲವು ಕಡುಬಣ್ಣಗಳು 200 ಮಿಲಿಯ ಮಾದರಿ ಡಬ್ಬಿಯಲ್ಲಿ ಸಿಗುವುದಿಲ್ಲ. ಹಾಗಿದ್ದಾಗ ಸಿಗುವ ಅತಿ ಚಿಕ್ಕ ಡಬ್ಬಿಯನ್ನೇ ಕೊಳ್ಳಬೇಕು. ಆ ಖರ್ಚನ್ನು ಉಳಿಸಲು ಹೋಗಿ ಇಡೀ ಕೋಣೆಗೆ ಎರಡನೇ ಸಲ ಬಣ್ಣ ಬಳಿಸಿದವರು ಬಹಳ ಮಂದಿ ಇದ್ದಾರೆ.

ಹಂತ 1: ಮೊದಲು ಗೋಡೆಯನ್ನು ಪರೀಕ್ಷಿಸಿ

ಚಿರೆಕಲ್ಲಿನ ಗೋಡೆ ಮಳೆಗಾಲದಲ್ಲಿ ನೀರು ಹೀರುತ್ತದೆ, ಮುಂದಿನ ಹಲವು ವಾರಗಳ ಕಾಲ ಅದನ್ನು ಬಿಡುತ್ತಲೇ ಇರುತ್ತದೆ. ಒಳಗಿನ ನೀರು ಹೊರಗೆ ಬರುವಾಗ ಗಾರೆಯಲ್ಲಿರುವ ಉಪ್ಪನ್ನು ತನ್ನೊಡನೆ ತರುತ್ತದೆ, ನೀರು ಆರಿದ ಮೇಲೆ ಉಪ್ಪು ಬಿಳಿ ಪುಡಿಯಾಗಿ ಗೋಡೆಯ ಮೇಲೆ ಉಳಿಯುತ್ತದೆ. ತಿಳಿ ಬಣ್ಣದ ಗೋಡೆಯಲ್ಲಿ ವರ್ಷಗಟ್ಟಲೆ ಗಮನಕ್ಕೆ ಬಾರದ ಈ ಪುಡಿ ಕಡುಬಣ್ಣದ ಮೇಲೆ ಬಾಗಿಲಿನಿಂದಲೇ ಎದ್ದು ಕಾಣುತ್ತದೆ. ಆದ್ದರಿಂದ ಯಾವ ನೀಲಿ ಎಂದು ಯೋಚಿಸುವ ಮುನ್ನ ಆ ಗೋಡೆ ಕಡುಬಣ್ಣಕ್ಕೆ ತಕ್ಕದ್ದೇ ಎಂದು ತಿಳಿಯಬೇಕು.

ಒಂದು ಅಡಿ ಚೌಕದ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯನ್ನು ನೆಲದಿಂದ ಒಂದೂವರೆ ಅಡಿ ಎತ್ತರದಲ್ಲಿ ಗೋಡೆಗೆ ಇಟ್ಟು, ನಾಲ್ಕೂ ಅಂಚಿಗೆ ಟೇಪು ಹಚ್ಚಿ 24 ಗಂಟೆ ಬಿಡಿ. ಹಾಳೆಯ ಒಳಮೈಯಲ್ಲಿ, ಅಂದರೆ ಗೋಡೆಯ ಕಡೆಗೆ, ನೀರಿನ ಹನಿ ಕಂಡರೆ ತೇವ ಗೋಡೆಯೊಳಗಿನದು. ಹೊರಮೈಯಲ್ಲಿ ಮಾತ್ರ ಹನಿ ಇದ್ದರೆ ಅದು ಕೋಣೆಯ ಗಾಳಿಯದು. ಒಳಗಿನ ತೇವವಾದರೆ ಅದರ ಮೂಲವನ್ನು ಸರಿಪಡಿಸುವವರೆಗೆ ಆ ಗೋಡೆಗೆ ಕಡುಬಣ್ಣದ ಯೋಚನೆ ಬೇಡ, ಬೇರೊಂದು ಗೋಡೆಯನ್ನು ಆರಿಸಿಕೊಳ್ಳಿ. ಹೊಸ ಗಾರೆಯಾದರೆ ಕನಿಷ್ಠ 28 ದಿನ ಕಳೆಯಲಿ.

ಹಂತ 2: ಬೆಳಕಿನ ಸಂಖ್ಯೆಯನ್ನು ನೋಡಿ

ಶೇಡ್ ಪುಸ್ತಕದಲ್ಲಿ ಅಥವಾ ಕಂಪನಿಯ ಜಾಲತಾಣದಲ್ಲಿ ಕೆಲವು ಬಣ್ಣಗಳ ಜೊತೆ ಎಲ್‌ಆರ್‌ವಿ ಎಂಬ ಸಂಖ್ಯೆ ಇರುತ್ತದೆ. ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ನೂರಕ್ಕೆ ಎಷ್ಟು ಭಾಗವನ್ನು ಆ ಬಣ್ಣ ಹಿಂದಕ್ಕೆ ಕಳಿಸುತ್ತದೆ ಎಂಬುದನ್ನು ಅದು ಹೇಳುತ್ತದೆ. ಕಡುಬಣ್ಣಗಳಲ್ಲಿ ಈ ಸಂಖ್ಯೆಯ ಚಿಕ್ಕ ಅಂತರವೂ ದೊಡ್ಡದು. 84 ಮತ್ತು 88 ಇರುವ ಎರಡು ಬಿಳಿಗಳ ಅಂತರ ಕಣ್ಣಿಗೆ ಅಷ್ಟಾಗಿ ತೋರುವುದಿಲ್ಲ. 4 ಮತ್ತು 8 ಇರುವ ಎರಡು ನೀಲಿಗಳಲ್ಲಿ ಎರಡನೆಯದು ಮೊದಲನೆಯದಕ್ಕಿಂತ ಎರಡರಷ್ಟು ಬೆಳಕನ್ನು ಕೋಣೆಗೆ ಮರಳಿಸುತ್ತದೆ. ‘ಹೆಚ್ಚುಕಡಿಮೆ ಒಂದೇ’ ಎಂದು ಕಂಡ ಬಣ್ಣಗಳಲ್ಲಿ ಒಂದು ಕೋಣೆಯನ್ನು ಗುಹೆ ಮಾಡುವುದು ಹೀಗೆ.

ಸಂಖ್ಯೆ ಸಿಗದಿದ್ದರೆ ಕಾರ್ಡನ್ನು ಸಂಜೆಗತ್ತಲಿನಲ್ಲಿ ಹಿಡಿದು, ಕಣ್ಣನ್ನು ಅರ್ಧ ಮುಚ್ಚಿ ನೋಡಿ. ಯಾವ ಚೌಕ ಮೊದಲು ಕಪ್ಪಾಗುತ್ತದೆಯೋ ಅದೇ ಹೆಚ್ಚು ಗಾಢವಾದುದು. ಸಣ್ಣ ಕಿಟಕಿಯ ಹಳೆಯ ಮನೆಗಳಲ್ಲಿ, ಅದರಲ್ಲೂ ಬಿಳಿ ತಾರಸಿ ಇಲ್ಲದೆ ಮರದ ಜಂತಿ ಮತ್ತು ಹೆಂಚು ಮಾತ್ರ ಇರುವ ಕೋಣೆಗಳಲ್ಲಿ, ಮೇಲಿನಿಂದ ಬೆಳಕು ಮರಳಿ ಬರುವುದು ಬಹಳ ಕಡಿಮೆ. ಅಂಥ ಕಡೆ ನಾನು ಎರಡರಲ್ಲಿ ತುಸು ತಿಳಿಯಾದುದರ ಪಕ್ಷವನ್ನೇ ಹಿಡಿಯುತ್ತೇನೆ.

ಹಂತ 3: ಹಲಗೆಗಳನ್ನು ಸಿದ್ಧಮಾಡಿ

ಗೋಡೆಯ ಮೇಲೆಯೇ ಅಂಗೈಯಗಲ ಬಳಿದು ನೋಡುವುದು ಎಲ್ಲರ ರೂಢಿ, ಎಲ್ಲಕ್ಕಿಂತ ಹೆಚ್ಚು ದಾರಿ ತಪ್ಪಿಸುವುದೂ ಅದೇ. ಸುತ್ತ ಬಿಳಿ ಅಥವಾ ಹಳದಿ ಇರುವಾಗ ನಡುವಿನ ಕಡುಬಣ್ಣ ಇರುವುದಕ್ಕಿಂತ ಕಪ್ಪಾಗಿ ಕಾಣುತ್ತದೆ, ಎರಡು ಕಡುಬಣ್ಣಗಳ ನಡುವಿನ ಭೇದ ಆ ಕಪ್ಪಿನಲ್ಲಿ ಕರಗಿಹೋಗುತ್ತದೆ. ಮೇಲಾಗಿ, ಬಳಿದ ಜಾಗದಿಂದ ಅದನ್ನು ಕದಲಿಸಲಾಗುವುದಿಲ್ಲ. ಹಲಗೆಯನ್ನಾದರೆ ಕಿಟಕಿಯ ಪಕ್ಕಕ್ಕೂ ಮೂಲೆಗೂ ಕಪಾಟಿನ ಹಿಂದಕ್ಕೂ ಒಯ್ಯಬಹುದು.

ಹಲಗೆಗೆ ಒಂದು ಕೋಟ್ ಪ್ರೈಮರ್ ಹಾಕಿ, ಆರಿದ ಮೇಲೆ ಹಗುರವಾಗಿ ಉಜ್ಜಿ, ಧೂಳು ಒರೆಸಿ. ಅನಂತರ ಅಂಚಿನಿಂದ ಅಂಚಿಗೆ, ಬಿಳಿ ಅಂಚು ಉಳಿಯದಂತೆ, ರೋಲರಿನಿಂದಲೇ ಬಳಿಯಿರಿ. ಗೋಡೆಗೆ ರೋಲರ್ ಬಳಸಿ ಮಾದರಿಗೆ ಬ್ರಷ್ ಬಳಸಿದರೆ ಬ್ರಷ್ಷಿನ ಗೆರೆಗಳು ಬೆಳಕನ್ನು ಬೇರೆ ರೀತಿಯಲ್ಲಿ ಹಿಡಿಯುತ್ತವೆ. ಒಂದೊಂದು ಬಣ್ಣಕ್ಕೆ ಒಂದೊಂದು ರೋಲರ್ ಮೀಸಲಿಡಿ.

ಎರಡು ಕೋಟ್ ಸಾಕೆಂದು ಕೈ ತೊಳೆಯಬೇಡಿ. ತಿಳಿ ಬಣ್ಣಗಳಿಗೆ ಮೈ ಮುಚ್ಚುವ ಶಕ್ತಿ ಬರುವುದು ಟೈಟಾನಿಯಂ ಡೈಆಕ್ಸೈಡ್ ಎಂಬ ಬಿಳಿ ಪುಡಿಯಿಂದ. ಕಡುಬಣ್ಣಗಳನ್ನು ಬೆರೆಸುವ ಮೂಲ ಎಮಲ್ಷನ್ನಿನಲ್ಲಿ ಅದು ಬಹಳ ಕಡಿಮೆ ಇರುತ್ತದೆ ಅಥವಾ ಇರುವುದೇ ಇಲ್ಲ. ಹಾಗಾಗಿ ಎರಡು ಕೋಟಿನ ಅಡಿಯಿಂದಲೂ ಪ್ರೈಮರಿನ ಬಿಳುಪು ಇಣುಕುತ್ತದೆ, ಒಂದು ಹಲಗೆ ಇನ್ನೊಂದಕ್ಕಿಂತ ತಿಳಿಯಾಗಿ ಕಾಣಲು ಅದೇ ಕಾರಣವಾಗಿರಬಹುದು. ಹಲಗೆಯನ್ನು ಕಿಟಕಿಯ ಎದುರು ಓರೆಯಾಗಿ ಹಿಡಿದಾಗ ಅಲ್ಲಲ್ಲಿ ಮಚ್ಚೆಯಂತೆ ಕಂಡರೆ ಮೂರನೆಯ ಕೋಟ್ ಬೇಕೆಂದೇ ಅರ್ಥ. ಎರಡೂ ಬಣ್ಣಗಳಿಗೆ ಕೋಟುಗಳ ಸಂಖ್ಯೆ ಒಂದೇ ಇರಲಿ.

ಹಂತ 4: ಆರುವವರೆಗೆ ನೋಡಬೇಡಿ

ಎಮಲ್ಷನ್ ಹಸಿಯಾಗಿರುವಾಗ ಅದರೊಳಗಿನ ಅಂಟು ಹಾಲಿನಂತೆ ಬೆಳ್ಳಗಿರುತ್ತದೆ. ಆರಿದ ಮೇಲೆ ಪಾರದರ್ಶಕವಾಗುತ್ತದೆ, ಬಣ್ಣ ಗಾಢವಾಗುತ್ತದೆ. ಡಬ್ಬಿಯ ಮುಚ್ಚಳ ತೆಗೆದ ಕೂಡಲೇ ‘ಇದು ಬಹಳ ತಿಳಿಯಾಯಿತು’ ಎಂದು ಅಂಗಡಿಗೆ ಹಿಂದಿರುಗಿಸಿ ಇನ್ನಷ್ಟು ಕಪ್ಪು ಸೇರಿಸಿಸಿದವರನ್ನು ನೋಡಿದ್ದೇನೆ. ಡಬ್ಬಿಯ ಮೇಲೆ ಬರೆದಿರುವ ನಾಲ್ಕಾರು ಗಂಟೆಯ ಲೆಕ್ಕ ಒಣ ಹವೆಯದು. ಮಳೆಗಾಲದ ಅಂಕೋಲಾ, ಕುಮಟಾ, ಹೊನ್ನಾವರಗಳಲ್ಲಿ, ಹಾಕಿದ ಬಟ್ಟೆಯೇ ಎರಡು ದಿನ ಒಣಗದ ಹವೆಯಲ್ಲಿ, ಪ್ರತಿ ಕೋಟಿಗೂ ಒಂದು ಇಡೀ ದಿನ ಕೊಡಿ. ಕೊನೆಯ ಕೋಟ್ ಆದ ಮೇಲೆ ಎರಡು ದಿನ ಬಿಟ್ಟು ಹೋಲಿಕೆ ಪ್ರಾರಂಭಿಸಿ. ಬೇಗ ಆರಲೆಂದು ಬಿಸಿಲಿಗೆ ಇಡಬಾರದು.

ಹಂತ 5: ಅಕ್ಕಪಕ್ಕ ಇಟ್ಟು ಒಳಛಾಯೆಯನ್ನು ಕಂಡುಕೊಳ್ಳಿ

ಪ್ರತಿ ಕಡುಬಣ್ಣದ ಒಳಗೂ ಇನ್ನೊಂದು ಬಣ್ಣದ ಎಳೆತ ಇರುತ್ತದೆ. ಒಂದು ಕಡುನೀಲಿ ಹಸಿರಿನ ಕಡೆಗೆ ವಾಲಿದರೆ ಇನ್ನೊಂದು ನೇರಳೆಯ ಕಡೆಗೆ ವಾಲುತ್ತದೆ. ಒಂದು ಬೂದು ಕಂದಿಗೆ ಹತ್ತಿರವಾದರೆ ಮತ್ತೊಂದು ನೀಲಿಗೆ ಹತ್ತಿರ. ಇದನ್ನು ಒಳಛಾಯೆ ಎನ್ನೋಣ. ಕೋಣೆಯಲ್ಲಿ ದಿನವೂ ಬದುಕುವಾಗ ನಮಗೆ ಹಿತವಾಗುವುದು ಅಥವಾ ಕಿರಿಕಿರಿಯಾಗುವುದು ಹೆಚ್ಚಾಗಿ ಇದರಿಂದಲೇ.

ಬಿಳಿ ಗೋಡೆಗೆ ಒರಗಿಸಿ ನೋಡಿದರೆ ಎರಡೂ ಕಪ್ಪಾಗಿ ಕಾಣುವುದರಿಂದ ಒಳಛಾಯೆ ಬಯಲಾಗುವುದಿಲ್ಲ. ಇಲ್ಲಿ ಕೊಡೆ ಬೇಕು. ಕಪ್ಪು ಕೊಡೆಯನ್ನು ಬಿಡಿಸಿ ಅದರ ಬಟ್ಟೆಗೆ ತಾಗುವಂತೆ ಎರಡೂ ಹಲಗೆಗಳನ್ನು ನಿಲ್ಲಿಸಿ. ನಿಜವಾದ ಕಪ್ಪು ಪಕ್ಕದಲ್ಲಿರುವಾಗ ‘ಕಪ್ಪಿನಂತೆ’ ಕಂಡ ಬಣ್ಣಗಳು ತಮ್ಮ ನಿಜರೂಪವನ್ನು ತೋರುತ್ತವೆ. ಕುಮಟೆಯ ಒಂದು ಮನೆಯಲ್ಲಿ ಗೃಹಿಣಿಯೊಬ್ಬರು ಎರಡು ತಿಂಗಳಿನಿಂದ ಬೇರ್ಪಡಿಸಲಾಗದೆ ಒದ್ದಾಡಿದ್ದ ಎರಡು ಕಡುಬೂದುಗಳನ್ನು ಜಗುಲಿಯಲ್ಲಿ ಹೀಗೆ ನಿಲ್ಲಿಸಿದೆವು. ಎಡಗಡೆಯದು ಮಳೆಯಲ್ಲಿ ನೆನೆದ ಚಿರೆಕಲ್ಲಿನ ಕೆಂಪುಗಂದನ್ನು ತೋರಿತು, ಬಲಗಡೆಯದರಲ್ಲಿ ಬಂಗುಡೆ ಮೀನಿನ ಬೆನ್ನಿನ ನೀಲಿಹಸಿರು ಕಂಡಿತು. ಆಕೆಗೆ ಮತ್ತೆ ಪ್ರಶ್ನೆಯೇ ಉಳಿಯಲಿಲ್ಲ.

ಇನ್ನೂ ಸಂಶಯವಿದ್ದರೆ ಬೆಳ್ಳಗಾಗಿಸಿ ನೋಡಿ. ಹತ್ತು ಚಮಚ ಬಿಳಿ ಎಮಲ್ಷನ್ನಿಗೆ ಒಂದು ಚಮಚ ಕಡುಬಣ್ಣವನ್ನು ಬೆರೆಸಿ ದಪ್ಪ ಕಾಗದದ ಮೇಲೆ ಬಳಿಯಿರಿ. ಇನ್ನೊಂದು ಬಣ್ಣಕ್ಕೂ ಅದೇ ಬಿಳಿ, ಅದೇ ಅಳತೆ. ಗಾಢತೆಯ ಹಿಂದೆ ಅಡಗಿದ್ದ ಹಸಿರೋ ನೇರಳೆಯೋ ಆಗ ಕಾಣಿಸಿಕೊಳ್ಳುತ್ತದೆ. ಕಂಡದ್ದನ್ನು ಪುಸ್ತಕದಲ್ಲಿ ಬರೆದಿಡಿ: ‘ಮೊದಲನೆಯದು ಹಸಿರಿನ ಕಡೆಗೆ, ಎರಡನೆಯದಕ್ಕಿಂತ ಗಾಢ’ ಎಂಬಷ್ಟು ಸಾಕು. ಯಾವುದು ಚೆಂದ ಎಂದು ಈ ಹಂತದಲ್ಲಿ ಬರೆಯಬೇಡಿ.

ಈ ಹಂತದಲ್ಲಿ ಮೊಬೈಲಿನ ಫೋಟೋವನ್ನು ನಂಬುವುದು ದೊಡ್ಡ ತಪ್ಪು. ಮಂದ ದೃಶ್ಯವನ್ನು ಕ್ಯಾಮೆರಾ ತಾನೇ ಬೆಳಗಿಸಿ, ಬಿಳುಪನ್ನೂ ತನಗೆ ತೋಚಿದಂತೆ ತಿದ್ದುತ್ತದೆ. ಬೆಂಗಳೂರಿನಲ್ಲಿರುವ ಮಗನಿಗೋ ಮಗಳಿಗೋ ತೋರಿಸಲೇಬೇಕೆಂದಿದ್ದರೆ ಎರಡೂ ಹಲಗೆಗಳು ಮತ್ತು ಒಂದು ಬಿಳಿ ಕಾಗದ ಒಂದೇ ಚಿತ್ರದಲ್ಲಿ ಇರಲಿ. ಬೇರೆ ಬೇರೆಯಾಗಿ ತೆಗೆದ ಎರಡು ಚಿತ್ರಗಳನ್ನು ಹೋಲಿಸುವುದರಲ್ಲಿ ಅರ್ಥವಿಲ್ಲ.

ಹಂತ 6: ಕೋಣೆಯ ಬೆಳಕುಗಳನ್ನು ಒಂದೊಂದಾಗಿ ನೋಡಿ

ಇಲ್ಲಿ ಅವಸರ ಮಾಡಬಾರದು, ಕನಿಷ್ಠ ಮೂರು ದಿನ ಬೇಕು. ಬೆಳಗ್ಗೆ ಎಂಟು, ಮಧ್ಯಾಹ್ನ ಒಂದು, ಸಂಜೆ ಐದೂವರೆ, ರಾತ್ರಿ ದೀಪದ ಹೊತ್ತು, ಹೀಗೆ ನಾಲ್ಕು ಸಲ ಎರಡೂ ಹಲಗೆಗಳನ್ನು ಗೋಡೆಗೆ ನೇರವಾಗಿ ನಿಲ್ಲಿಸಿ ನೋಡಬೇಕು. ನೆಲದ ಮೇಲೆ ಮಲಗಿಸಿ ನೋಡಬಾರದು, ಮಲಗಿಸಿದ ಹಲಗೆಗೆ ಬೀಳುವ ಬೆಳಕು ನಿಂತ ಗೋಡೆಗೆ ಬೀಳುವುದಿಲ್ಲ. ಹೊರಗಿನ ಬಿಸಿಲಿನಿಂದ ಒಳಗೆ ಬಂದ ಕೂಡಲೇ ನೋಡುವುದೂ ಬೇಡ, ಕಣ್ಣು ಒಗ್ಗಿಕೊಳ್ಳಲು ಹತ್ತು ನಿಮಿಷ ಕೊಡಿ.

ಉತ್ತರದ ಕಿಟಕಿಯ ಬೆಳಕು ವರ್ಷವಿಡೀ ತಂಪಾಗಿ, ಒಂದೇ ಸಮನಾಗಿ ಇರುತ್ತದೆ ಎಂದು ಹಲವು ಮಾರ್ಗದರ್ಶಿಗಳು ಹೇಳುತ್ತವೆ. ಅದು ಯುರೋಪಿನಂಥ ದೂರದ ಅಕ್ಷಾಂಶಗಳ ಮಾತು. ಕಾರವಾರ ಇರುವುದು ಉತ್ತರ ಅಕ್ಷಾಂಶ 14.8 ಡಿಗ್ರಿಯ ಹತ್ತಿರ. ಇಲ್ಲಿ ಏಪ್ರಿಲ್ ಕೊನೆಯಿಂದ ಆಗಸ್ಟ್ ಎರಡನೆಯ ವಾರದವರೆಗೆ ನಡುಹಗಲಿನ ಸೂರ್ಯ ನೆತ್ತಿಯಿಂದ ಉತ್ತರಕ್ಕೇ ಇರುತ್ತಾನೆ, ಮೇ ತಿಂಗಳಿನ ಬೆಳಗು ಮತ್ತು ಸಂಜೆಗಳಲ್ಲಿ ಓರೆ ಬಿಸಿಲು ಉತ್ತರದ ಕಿಟಕಿಯೊಳಗೂ ಬರುತ್ತದೆ. ಸಮುದ್ರದ ಕಡೆಗೆ, ಅಂದರೆ ಪಶ್ಚಿಮಕ್ಕೆ ತೆರೆದ ಕೋಣೆಯಲ್ಲಿ ಸಂಜೆಯ ಕಿತ್ತಳೆ ಬೆಳಕು ಬಿದ್ದಾಗ ನೇರಳೆಯ ಒಳಛಾಯೆ ಇರುವ ನೀಲಿ ಕೆಂಪಾಗುತ್ತದೆ, ಹಸಿರಿನ ಒಳಛಾಯೆ ಇರುವುದು ಮಂಕಾಗುತ್ತದೆ.

ಕಿಟಕಿಯ ಹೊರಗೆ ಏನಿದೆ ಎಂಬುದೂ ಮುಖ್ಯ. ಶಿರಸಿಯ ಕಡೆ ಅಡಿಕೆ ತೋಟಕ್ಕೆ ತೆರೆದ ಕಿಟಕಿಯಿಂದ ಬರುವ ಬೆಳಕು ಎಲೆಗಳಿಂದ ಚಿಮ್ಮಿ ಹಸಿರಾಗಿಯೇ ಒಳಗೆ ಬರುತ್ತದೆ. ಹಸಿರು ಒಳಛಾಯೆ ಅಲ್ಲಿ ಇನ್ನಷ್ಟು ಹಸಿರಾಗುತ್ತದೆ. ಕಾವಿ ಬಣ್ಣದ ನೆಲವಿದ್ದರೆ ಗೋಡೆಯ ಕೆಳಗಿನ ಮೂರು ಅಡಿಗೆ ಕೆಂಪು ಪ್ರತಿಫಲನ ಹತ್ತುವುದರಿಂದ, ಹಲಗೆಯನ್ನು ನೆಲದ ಬಳಿ ಒಮ್ಮೆ, ಎದೆಯೆತ್ತರದಲ್ಲಿ ಒಮ್ಮೆ ಹಿಡಿದು ನೋಡಬೇಕು. ಗಾಜಿನ ಹೆಂಚಿನಿಂದ ಬೀಳುವ ಬಿಸಿಲಿನ ಚೌಕ ಹಲಗೆಯ ಮೇಲೆ ಇರುವ ಹೊತ್ತಿನಲ್ಲಿ ಮಾತ್ರ ತೀರ್ಮಾನಿಸಬೇಡಿ.

ಈಗ ಮಳೆಗಾಲದ ಬೆಳಕು. ಬೇಸಗೆಯಲ್ಲಿ ಬಣ್ಣ ಆರಿಸುವವರು ಇದನ್ನು ತಾವೇ ಉಂಟುಮಾಡಿಕೊಳ್ಳಬೇಕು. ಜೂನ್ ತಿಂಗಳಿನಲ್ಲಿ ಎರಚಲು ತಡೆಯಲು ಕಿಟಕಿಗೋ ಜಗುಲಿಗೋ ಏನು ಕಟ್ಟುತ್ತೀರೋ, ಅದು ಸೋಗೆಯ ತಟ್ಟಿಯಾಗಲಿ, ನೀಲಿ ತಾಡಪಾಲಾಗಲಿ, ಅದನ್ನೇ ಮಾರ್ಚಿನಲ್ಲಿ ಒಂದು ಸಂಜೆ ಕಟ್ಟಿ, ಸೂರ್ಯ ಮರೆಯಾಗುವ ಹೊತ್ತಿಗೆ ಹಲಗೆಗಳನ್ನು ನೋಡಿ. ನೀಲಿ ತಾಡಪಾಲಿನ ಮೂಲಕ ಬಂದ ಬೆಳಕಿನಲ್ಲಿ ಕಂದು ಮಿಶ್ರಿತ ಬೂದು ಬಣ್ಣ ನಿರ್ಜೀವವಾಗುವುದನ್ನು ಒಮ್ಮೆ ಕಂಡರೆ ಸಾಕು, ಆಯ್ಕೆ ಅರ್ಧ ಮುಗಿದಂತೆಯೇ. ಬೆಳಕು ತೀರಾ ಕುಗ್ಗಿದಾಗ ಕಣ್ಣಿಗೆ ಮೊದಲು ಕಪ್ಪಾಗುವುದು ಕೆಂಪು. ನೀಲಿ ಇನ್ನೂ ಸ್ವಲ್ಪ ಹೊತ್ತು ಉಳಿಯುತ್ತದೆ. ಇದಕ್ಕೆ ಪುರ್ಕಿನ್ಯೆ ಪರಿಣಾಮ ಎಂದು ಹೆಸರು. ಆದ್ದರಿಂದ ಮುರುಗಲು ಹಣ್ಣಿನಂಥ ಎರಡು ಕಡುಗೆಂಪುಗಳ ನಡುವೆ ಆರಿಸುವವರು ಎರಡು ಕಡುನೀಲಿಗಳ ನಡುವೆ ಆರಿಸುವವರಿಗಿಂತ ಹೆಚ್ಚು ಎಚ್ಚರದಿಂದ ಈ ಪರೀಕ್ಷೆ ಮಾಡಬೇಕು.

ರಾತ್ರಿಯ ದೀಪಕ್ಕೆ ಬಂದರೆ, 6500 ಕೆಲ್ವಿನ್ನಿನ ಬೆಳ್ಳನೆಯ ಎಲ್‌ಇಡಿಯಲ್ಲಿ ಒಂದೇ ಎನಿಸಿದ ಎರಡು ಬಣ್ಣಗಳು 2700 ಅಥವಾ 3000 ಕೆಲ್ವಿನ್ನಿನ ಹಳದಿ ದೀಪದಲ್ಲಿ ಬೇರೆಯಾಗಬಹುದು, ಏಕೆಂದರೆ ಅವುಗಳಲ್ಲಿ ಬೆರೆತ ಬಣ್ಣದ ಪುಡಿಗಳೇ ಬೇರೆ. ಬಲ್ಬಿನ ಪೆಟ್ಟಿಗೆಯ ಮೇಲೆ ಸಿಆರ್‌ಐ ಸಂಖ್ಯೆ 90ರ ಮೇಲಿದ್ದರೆ ಬಣ್ಣಗಳು ಹೆಚ್ಚು ನಿಜವಾಗಿ ಕಾಣುತ್ತವೆ, ಕಡುಬಣ್ಣದ ಕೋಣೆಗೆ ಆ ಬಲ್ಬಿನ ಹೆಚ್ಚಿನ ಬೆಲೆ ಸಾರ್ಥಕ.

ಹಂತ 7: ಒಂದೊಂದನ್ನೇ ಒಂಟಿಯಾಗಿ ಇಡಿ

ಒಂದು ಬಣ್ಣದ ಎರಡೂ ಹಲಗೆಗಳನ್ನು ಕೋಣೆಯ ಒಂದು ಮೂಲೆಯಲ್ಲಿ ಲಂಬಕೋನವಾಗಿ ಒಂದಕ್ಕೊಂದು ತಾಗಿಸಿ ನಿಲ್ಲಿಸಿ, ಇನ್ನೊಂದು ಬಣ್ಣವನ್ನು ಬೇರೆ ಕೋಣೆಗೆ ಸಾಗಿಸಿ. ಮೂಲೆಯಲ್ಲಿ ಗೋಡೆಯಿಂದ ಗೋಡೆಗೆ ಬೆಳಕು ಚಿಮ್ಮುವಾಗ ಬಣ್ಣ ಮತ್ತಷ್ಟು ಗಾಢವಾಗುತ್ತದೆ. ಪೂರ್ತಿ ಬಳಿದ ಕೋಣೆಗೆ ಅತಿ ಹತ್ತಿರದ ನೋಟ ಇದೇ. ಎರಡು ದಿನ ಹಾಗೆಯೇ ಬಿಟ್ಟು ಎಂದಿನಂತೆ ಓಡಾಡಿ. ಆಮೇಲೆ ಬಣ್ಣ ಬದಲಿಸಿ.

ಬದಲಿಸಿದ್ದು ಮನೆಯವರ ಗಮನಕ್ಕೇ ಬಾರದಿದ್ದರೆ ಎರಡರಲ್ಲಿ ಯಾವುದಾದರೂ ಆದೀತು. ಆಗ ಸುಲಭವಾಗಿ ಸಿಗುವುದನ್ನು ಕೊಳ್ಳಿ. ಗಮನಕ್ಕೆ ಬಂದರೆ ಅವರ ಮೊದಲ ಮಾತನ್ನು ಬರೆದಿಡಿ. ‘ಕತ್ತಲಾಯಿತು’, ‘ಹಸಿರಾಯಿತು’ ಎಂಬಂಥ ಮಾತುಗಳಿಗೆ ಬೆಲೆ ಕೊಡಬೇಕು, ‘ಅದೇ ಚೆನ್ನಾಗಿತ್ತು’ ಎಂಬುದಕ್ಕೆ ಇನ್ನೊಂದು ದಿನ ಕಾಯಬೇಕು. ಹಗಲಿನಲ್ಲಿ ಒಂದು, ಮಳೆಯ ಮಬ್ಬಿನಲ್ಲಿ ಇನ್ನೊಂದು ಗೆದ್ದರೆ ಮಬ್ಬಿನಲ್ಲಿ ಗೆದ್ದದ್ದನ್ನೇ ಹಿಡಿಯಿರಿ. ಬಿಸಿಲಿನಲ್ಲಿ ಕೆಟ್ಟದಾಗಿ ಕಾಣುವ ಕಡುಬಣ್ಣ ಕಡಿಮೆ, ಮಬ್ಬಿನಲ್ಲಿ ಸೋಲುವುದೇ ಹೆಚ್ಚು.

ಹಂತ 8: ಹೊಳಪು ಮತ್ತು ಸವೆತ

ಒಂದೇ ಬಣ್ಣ ಮ್ಯಾಟಿನಲ್ಲಿ ಒಂದು ಬಗೆ, ಹೊಳಪಿನಲ್ಲಿ ಇನ್ನೊಂದು ಬಗೆ ಕಾಣುತ್ತದೆ. ಎರಡು ಬಣ್ಣಗಳನ್ನು ಎರಡು ಬೇರೆ ಹೊಳಪಿನಲ್ಲಿ ತಂದು ಹೋಲಿಸಿದವರು ಹೋಲಿಸಿದ್ದು ಹೊಳಪನ್ನೇ. ಹೊಳಪು ಹೆಚ್ಚಿದಷ್ಟೂ ಪುಟ್ಟಿಯ ಏರುತಗ್ಗುಗಳು ಎದ್ದು ಕಾಣುತ್ತವೆ, ಹಳೆಯ ಚಿರೆಕಲ್ಲಿನ ಗೋಡೆಗೆ ಅದು ಒಗ್ಗದು. ಮ್ಯಾಟಿನಲ್ಲಿ ಬೇರೆ ತೊಂದರೆ: ಭುಜ ಅಥವಾ ಕುರ್ಚಿಯ ಬೆನ್ನು ಉಜ್ಜಿದ ಕಡೆ ಮಿನುಗುವ ಪಟ್ಟೆ ಬೀಳುತ್ತದೆ.

ಹಲಗೆಗಳಿಗೆ ಒಂದು ವಾರವಾದ ಮೇಲೆ ಒಣ ಬಟ್ಟೆಯಿಂದ ಹತ್ತು ಸಲ, ಬಳಿಕ ಒದ್ದೆ ಬಟ್ಟೆಯಿಂದ ಹತ್ತು ಸಲ ಒಂದೇ ಜಾಗದಲ್ಲಿ ಒರೆಸಿ. ಬಟ್ಟೆಗೆ ಬಣ್ಣ ಹತ್ತಿದರೆ, ಅಥವಾ ಒರೆಸಿದ ಜಾಗ ಬೇರೆಯಾಗಿ ಕಂಡರೆ, ಆ ಬಣ್ಣ ಮಕ್ಕಳ ಕೋಣೆಗೂ ಓಡಾಟದ ದಾರಿಗೂ ಬೇಡ. ಹಲ್ಲಿಯ ಹಿಕ್ಕೆಯ ಬಿಳಿ ಚುಕ್ಕೆ ನಮ್ಮ ಮನೆಗಳಲ್ಲಿ ತಪ್ಪದು, ಕಡುಗೋಡೆಯಲ್ಲಿ ಅದನ್ನು ಒರೆಸುತ್ತಲೇ ಇರಬೇಕಾಗುವುದರಿಂದ ಈ ಪರೀಕ್ಷೆ ಬಿಡಬೇಡಿ.

ಹಂತ 9: ಕೊಳ್ಳುವಾಗ ಮತ್ತು ಬಳಿಯುವಾಗ

ಬಣ್ಣದ ಹೆಸರಿನ ಬದಲು ಶೇಡ್ ನಂಬರನ್ನೂ, ಮಾದರಿಗೆ ಬಳಸಿದ ಅದೇ ಕಂಪನಿಯ ಅದೇ ಉತ್ಪನ್ನದ ಹೆಸರನ್ನೂ ಬರೆದುಕೊಂಡು ಹೋಗಿ. ಬೇರೆ ಕಂಪನಿಯ ಬಣ್ಣವನ್ನು ಯಂತ್ರದಲ್ಲಿ ಹೊಂದಿಸಿ ಕೊಡುತ್ತೇವೆ ಎಂದರೆ ಒಪ್ಪಬೇಡಿ; ಅಂಗಡಿಯ ದೀಪದಲ್ಲಿ ಹೊಂದಿದ್ದು ನಿಮ್ಮ ಕಿಟಕಿಯ ಬಳಿ ಹೊಂದಲಾರದು, ಅಷ್ಟು ದಿನಗಳ ಹೋಲಿಕೆಯೂ ವ್ಯರ್ಥವಾಗುತ್ತದೆ. ಮೂರು ಕೋಟ್ ಬಳಿಯಲು ಎಷ್ಟು ಬೇಕೆಂದು ಲೆಕ್ಕ ಹಾಕಿ, ಪೂರ್ತಿ ಬಣ್ಣವನ್ನು ಒಂದೇ ಸಲ ತನ್ನಿ. ಬೂದು ಬಣ್ಣ ಬೆರೆಸಿದ ಪ್ರೈಮರ್ ಹಾಕಿಸಿದರೆ ಬಣ್ಣ ಬೇಗ ಮೈ ಮುಚ್ಚುತ್ತದೆ.

ಎಲ್ಲ ಡಬ್ಬಿಗಳನ್ನೂ ಒಂದು ದೊಡ್ಡ ಬಕೆಟಿಗೆ ಸುರಿದು ಕಲಕಿದ ಮೇಲೆಯೇ ಪೇಂಟರ್ ಕೆಲಸ ಪ್ರಾರಂಭಿಸಲಿ, ಇಲ್ಲವಾದರೆ ಒಂದು ಡಬ್ಬಿ ಮುಗಿದು ಇನ್ನೊಂದು ಶುರುವಾದ ಜಾಗ ಗೋಡೆಯ ನಡುವೆ ಗೆರೆಯಾಗಿ ಉಳಿಯಬಹುದು. ಅದಕ್ಕೂ ಮೊದಲು ಬಕೆಟಿನಿಂದ ಒಂದು ಬೆರಳಷ್ಟು ತೆಗೆದು ಹಲಗೆಯ ಮೂಲೆಗೆ ಹಚ್ಚಿ, ಆರಿದ ಮೇಲೆ ನೋಡಿ. ಹಚ್ಚಿದ ಗುರುತು ಕಾಣಬಾರದು. ಕಂಡರೆ ಕೆಲಸ ನಿಲ್ಲಿಸಿ ಅಂಗಡಿಗೆ ಹಲಗೆಯನ್ನೇ ಒಯ್ಯಿರಿ.

ಬಳಿದ ಕೆಲವೇ ದಿನಗಳಲ್ಲಿ ತೇವದ ಹವೆಯಿಂದ ಗೋಡೆಯ ಮೇಲೆ ಕಂದು ಅಥವಾ ಬಿಳಿಚಿದ ಅಂಟಂಟು ಇಳಿಗೆರೆಗಳು ಕಂಡರೆ ಗಾಬರಿಯಾಗಬೇಡಿ. ಕಡುಬಣ್ಣದಲ್ಲಿ ಹೆಚ್ಚಾಗಿ ಸೇರುವ ಬಣ್ಣದ ದ್ರವದ ನೀರಿನಲ್ಲಿ ಕರಗುವ ಅಂಶ ಮೇಲೆ ಬಂದಿರುತ್ತದೆ. ಬಣ್ಣ ಪೂರ್ತಿ ಗಟ್ಟಿಯಾದ ಮೇಲೆ ಬರಿಯ ನೀರು ಮತ್ತು ಮೆತ್ತನೆಯ ಬಟ್ಟೆಯಿಂದ ಹಗುರವಾಗಿ ಒರೆಸಿದರೆ ಹೋಗುತ್ತದೆ. ಒಣ ಪುಡಿ ಉದುರಿದರೆ ಮಾತ್ರ ಅದು ಉಪ್ಪು, ಮೊದಲನೆಯ ಹಂತದಲ್ಲಿ ಹೇಳಿದ ತೇವದ ಗುರುತು. ಉಳಿದ ಬಣ್ಣವನ್ನು ಗಾಳಿ ಹೋಗದ ಡಬ್ಬಿಯಲ್ಲಿ ಮುಚ್ಚಿ, ಶೇಡ್ ನಂಬರ್ ಮತ್ತು ತಾರೀಕನ್ನು ಡಬ್ಬಿಯ ಮೈಮೇಲೆ ಬರೆದಿಡಿ. ಮುಚ್ಚಳದ ಮೇಲೆ ಬರೆದರೆ ಅದು ಇನ್ನೊಂದು ಡಬ್ಬಿಗೆ ಅದಲುಬದಲಾಗುತ್ತದೆ.